ಇನ್ನೂರು ಕಾರ್ಡ್ ಅಚ್ಚು ಹಾಕಿಸಿದೆ, ಆಟ ಇನ್ನೂ ನಿಧಾನವಾಯಿತು

ಪ್ರಶ್ನೆ: ಉಡುಪಿಯ ಕುಂಜಿಬೆಟ್ಟಿನಲ್ಲಿ ನಾವು ಆರು ಮಂದಿ ಗೆಳೆಯರು ತಿಂಗಳಿಗೆ ಎರಡು ಭಾನುವಾರ ಕೂತು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಬ್ಬ ಕತೆ ನಡೆಸುತ್ತ, ಉಳಿದವರು ಅದರ ಪಾತ್ರಗಳಾಗಿ ದಾಳ ಹಾಕಿ ಆಡುವ ಆಟ) ಆಡುತ್ತೇವೆ. ಐದನೇ ಆವೃತ್ತಿ, 2014ರ ಪುಸ್ತಕ. ಆಟ ನಡೆಸುವವನು ನಾನೇ. ಪ್ರತಿ ಕಾಳಗದಲ್ಲೂ ಪುಸ್ತಕ ತಿರುವುವುದರಲ್ಲೇ ಹೊತ್ತು ಹೋಗುತ್ತಿತ್ತು. ಅದಕ್ಕೆ ನಿಯಮಗಳನ್ನೆಲ್ಲ ಕಾರ್ಡ್ ಮಾಡಿ ಅಚ್ಚು ಹಾಕಿಸಿದೆ, ಒಟ್ಟು 212. ಅರ್ಧದಷ್ಟಕ್ಕೆ ಲ್ಯಾಮಿನೇಷನ್ನೂ ಆಗಿದೆ. ಈಗ ಪುಸ್ತಕದ ಬದಲು ಕಾರ್ಡಿನ ಕಟ್ಟಿನಲ್ಲಿ ಹುಡುಕುತ್ತೇನೆ, ಮೊದಲಿಗಿಂತಲೂ ತಡ. ಎಲ್ಲಿ ತಪ್ಪಿದ್ದು? ಕಾರ್ಡ್ ಕನ್ನಡದಲ್ಲಿರಬೇಕೇ, ಇಂಗ್ಲಿಷಿನಲ್ಲೇ ಇರಲಿಯೇ? ಮಣಿಪಾಲದ ಕಾಲೇಜು ಹುಡುಗರು ತಮಗೂ ಒಂದು ಸೆಟ್ ಬೇಕೆನ್ನುತ್ತಿದ್ದಾರೆ, ಕೊಡಬಹುದೇ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಬೇಸರಿಸಬೇಡಿ. ಮಂಗಳೂರಿನ ನಮ್ಮ ಮನೆಯ ಅಟ್ಟದಲ್ಲಿ ಒಂದು ಬಿಸ್ಕಿಟ್ ಡಬ್ಬ ಇದೆ, ಅದರೊಳಗೆ ಇಂಥದ್ದೇ ಒಂದು ಕಟ್ಟು. ಎಣಿಸಿಲ್ಲ, ಆದರೆ ನಿಮ್ಮದಕ್ಕಿಂತ ಕಡಿಮೆ ಇರಲಿಕ್ಕಿಲ್ಲ.

ನೀವು ಮಾಡಿದ್ದು ಪುಸ್ತಕವನ್ನು 212 ತುಂಡು ಮಾಡಿದ್ದು, ಅಷ್ಟೇ. ಪುಸ್ತಕಕ್ಕೆ ಪುಟಸಂಖ್ಯೆ ಇತ್ತು, ಹಿಂದೆ ಅಕಾರಾದಿ ಇತ್ತು, 'ಎಡಗಡೆ ಪುಟ, ಚಿತ್ರದ ಕೆಳಗೆ' ಎನ್ನುವ ಕಣ್ಣಿನ ಗುರುತಿತ್ತು. ತುಂಡು ಮಾಡಿದ ಮೇಲೆ ಆ ಮೂರೂ ಹೋದವು. ಹುಡುಕುವ ಕೆಲಸಕ್ಕೆ ಕಾರ್ಡಿಗಿಂತ ಪುಸ್ತಕವೇ ವಾಸಿ.

ಪುಸ್ತಕಕ್ಕೆ ಆಗದ ಒಂದೇ ಒಂದು ಕೆಲಸ ಕಾರ್ಡಿಗೆ ಆಗುತ್ತದೆ. ಅದು ಕೈಯಿಂದ ಕೈಗೆ ಹೋಗುತ್ತದೆ. ಅದನ್ನು ಒಬ್ಬನ ಮುಂದೆ ಇಡಬಹುದು, ಕಸಿದುಕೊಳ್ಳಬಹುದು, ಮಗುಚಿ ಇಡಬಹುದು, ಇನ್ನೊಂದರ ಅಡಿಗೆ ತೂರಿಸಬಹುದು. ಹಾಗಾಗಿ ಯಾವುದನ್ನು ಕಾರ್ಡ್ ಮಾಡಬೇಕು ಎನ್ನುವುದಕ್ಕೆ ನನ್ನ ಅಳತೆಗೋಲು ಇದು: ಆಟದ ನಡುವೆ ಕೈ ಬದಲಾಯಿಸುವಂಥದ್ದು ಕಾರ್ಡಿಗೆ, ಇದ್ದಲ್ಲೇ ಇರುವಂಥದ್ದು ಹಾಳೆಗೆ. ಈ ಗೋಲು ಹಿಡಿದು ನಿಮ್ಮ ಕಟ್ಟನ್ನು ಅಳೆದರೆ ನಲವತ್ತು ಉಳಿದರೆ ಹೆಚ್ಚು.

ಮಾತಿನಲ್ಲಿ ಹೇಳಿದರೆ ಹಿಡಿಸಲಿಕ್ಕಿಲ್ಲ, ಒಂದು ಕಾರ್ಡನ್ನೇ ತೋರಿಸುತ್ತೇನೆ. ಇಂಗ್ಲಿಷ್ ಪುಸ್ತಕದಲ್ಲಿ 'ಪ್ರೋನ್' (ನೆಲಕ್ಕೆ ಬಿದ್ದಿರುವುದು) ಎನ್ನುವ ಸ್ಥಿತಿ ಇದೆಯಲ್ಲ, ಅದಕ್ಕೆ ನಾನು ಮಾಡಿಕೊಂಡದ್ದು ಹೀಗಿದೆ (ಅಡ್ವಾಂಟೇಜ್ ಎಂದರೆ 20 ಮುಖದ ದಾಳ ಎರಡು ಹಾಕಿ ದೊಡ್ಡದನ್ನು ತೆಗೆದುಕೊಳ್ಳುವುದು, ಡಿಸ್‌ಅಡ್ವಾಂಟೇಜ್ ಎಂದರೆ ಸಣ್ಣದನ್ನು):

ಬಿದ್ದಿದ್ದೀರಿ!
ನೀವು ಹೊಡೆದರೆ: ಡಿಸ್‌ಅಡ್ವಾಂಟೇಜ್.
5 ಅಡಿಯೊಳಗಿದ್ದವರು ನಿಮಗೆ ಹೊಡೆದರೆ: ಅಡ್ವಾಂಟೇಜ್.
ಅದಕ್ಕಿಂತ ದೂರದಿಂದ: ಡಿಸ್‌ಅಡ್ವಾಂಟೇಜ್.
ಏಳಲು ನಡಿಗೆಯಲ್ಲಿ ಅರ್ಧ ಕಳೆಯಿರಿ. ಎದ್ದ ಕೂಡಲೇ ಈ ಕಾರ್ಡ್ ವಾಪಸ್ ಕೊಡಿ.

ಮುಖ್ಯವಾದ ಸಾಲು ಕೊನೆಯದು. ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಮನೆಯಲ್ಲಿ ಆಟ ನಡೆಯುತ್ತಿತ್ತು. ಕರೆಂಟ್ ಹೋಗಿ ಎಮರ್ಜೆನ್ಸಿ ಲೈಟಿನ ಬೆಳಕು, ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ದಾಳ ಉರುಳುವುದೂ ಕೇಳುತ್ತಿರಲಿಲ್ಲ. ನನ್ನ ಅಕ್ಕನ ಮಗ, ಹೈಸ್ಕೂಲ್ ಹುಡುಗ, ಅವತ್ತೇ ಮೊದಲ ಸಲ ಆಡುತ್ತಿದ್ದ. ಅವನ ಯೋಧನನ್ನು ಒಂದು ತೋಳ ಕೆಡವಿತು. ನಾನು ಏನೂ ವಿವರಿಸದೆ ಈ ಕಾರ್ಡನ್ನು ಅವನ ಮುಂದೆ ಇಟ್ಟೆ. ಓದಿದ. ಅವನ ಸರದಿ ಬಂದಾಗ, "ಮಾಮ, ನನ್ನ ನಡಿಗೆ 30 ಅಡಿ. ಏಳಲಿಕ್ಕೆ 15 ಕೊಡ್ತೇನೆ, ಉಳಿದ 15ರಲ್ಲಿ ಆ ಮರದ ಹಿಂದೆ ಹೋಗ್ಲಿಕ್ಕಾಗ್ತದಾ?" ಎಂದು ಕೇಳಿ ಕಾರ್ಡ್ ನನ್ನ ಕಡೆ ಚಾಚಿದ. ನಿಯಮ ಅವನಿಗೆ ಬಾಯಿಪಾಠ ಇರಲಿಲ್ಲ, ಕೈಯಲ್ಲಿತ್ತು. ಬದಿಯಲ್ಲಿದ್ದ ಬಿಲ್ಲುಗಾರ್ತಿಯೂ ಅವನ ಮುಂದಿದ್ದ ಕಾರ್ಡ್ ನೋಡಿಯೇ ಅವನು ಬಿದ್ದಿದ್ದಾನೆಂದು ತಿಳಿದುಕೊಂಡದ್ದು. ಮೊದಲಾದರೆ ಎರಡು ಸುತ್ತು ಕಳೆದ ಮೇಲೆ ಯಾರಾದರೂ "ಹೌದಾ, ಅವ ಬಿದ್ದಿದ್ದನಲ್ಲ?" ಎನ್ನುವುದು, ಮತ್ತೆ ಹಿಂದಿನ ಏಟುಗಳ ಲೆಕ್ಕ ತೆಗೆಯುವುದು.

ಐದನೇ ಆವೃತ್ತಿಯಲ್ಲಿ ಇಂಥ ಸ್ಥಿತಿಗಳು 15 ಇವೆ. ಎಲ್ಲಕ್ಕೂ ಕಾರ್ಡ್ ಬೇಕಿಲ್ಲ. ಬಿದ್ದದ್ದು, ಹಿಡಿದದ್ದು, ಹೆದರಿದ್ದು, ವಿಷ ಏರಿದ್ದು, ಕಟ್ಟಿಹಾಕಿದ್ದು, ಪ್ರಜ್ಞೆ ತಪ್ಪಿದ್ದು, ಈ ಆರನ್ನು ಮಾಡಿ. ಬಿದ್ದದ್ದಕ್ಕೆ ಮೂರು ಪ್ರತಿ, ಉಳಿದವಕ್ಕೆ ಎರಡೆರಡು. ಕಲ್ಲಾಗಿ ಹೋಗುವುದು ವರ್ಷಕ್ಕೊಮ್ಮೆ ಬಂದರೆ ಪುಸ್ತಕ ತೆಗೆದು ನೋಡಿದರಾಯಿತು. ಆ ಹೊತ್ತಿಗೆ ಆಟ ಒಂದು ನಿಮಿಷ ನಿಂತರೆ ಗಾಂಭೀರ್ಯವೇ ಹೆಚ್ಚುತ್ತದೆ.

ಪ್ರಜ್ಞೆ ತಪ್ಪಿದ ಕಾರ್ಡಿನ ಕೆಳಗೆ ಆರು ಸಣ್ಣ ಚೌಕ ಬಿಡಿ, ಮೂರು ಬದುಕಿಗೆ, ಮೂರು ಸಾವಿಗೆ. ಎಚ್‌ಪಿ (ಜೀವದ ಅಂಕ) ಸೊನ್ನೆಯಾಗಿ ಬಿದ್ದವನು ಪ್ರತಿ ಸರದಿಗೆ ಡಿ20 (20 ಮುಖದ ದಾಳ) ಹಾಕುವುದು. 10 ಅಥವಾ ಮೇಲೆ ಬಂದರೆ ಬದುಕಿನ ಚೌಕಕ್ಕೆ ಗುರುತು, ಕೆಳಗಾದರೆ ಸಾವಿನದಕ್ಕೆ. 1 ಬಂದರೆ ಸಾವಿಗೆ ಎರಡು ಗುರುತು, 20 ಬಂದರೆ 1 ಎಚ್‌ಪಿ ಜೊತೆ ಎದ್ದು ಕೂರುತ್ತಾನೆ. ಇದನ್ನು ಆಟಗಾರ ತಾನೇ ಗುರುತು ಹಾಕಬೇಕು. ಎರಡನೇ ಸಾವಿನ ಚೌಕ ತುಂಬುವಾಗ ಸುತ್ತ ಕೂತವರು ಗೋಳಿಬಜೆಗೆ ಚಾಚಿದ ಕೈ ಅಲ್ಲೇ ನಿಲ್ಲಿಸುತ್ತಾರೆ, ನೋಡಿ ಬೇಕಾದರೆ.

ಇನ್ನು ಕಾನ್ಸಂಟ್ರೇಷನ್. ಮಂತ್ರಗಾರರು ಒಂದು ಹೊತ್ತಿಗೆ ಒಂದೇ ಮಂತ್ರದ ಮೇಲೆ ಗಮನ ಇಟ್ಟಿರಲು ಸಾಧ್ಯ ಎಂಬ ನಿಯಮವನ್ನು ನಮ್ಮಲ್ಲಿ ಎಲ್ಲರೂ ಮರೆಯುತ್ತಿದ್ದರು, ಮರೆತವರಿಗೆ ಅದರಿಂದ ಲಾಭವೂ ಇತ್ತು. ಈಗ ಪ್ರತಿ ಮಂತ್ರಗಾರನಿಗೆ ಒಂದೇ ಒಂದು ಹಳದಿ ಕಾರ್ಡ್ ಕೊಡುತ್ತೇನೆ. ಯಾವ ಮಂತ್ರ ನಡೆಯುತ್ತಿದೆಯೋ ಆ ಮಂತ್ರದ ಕಾರ್ಡಿನ ಅಡಿಯಲ್ಲಿ ಅದು ಇರಬೇಕು. ಗಮನ ಬೇಡುವ ಎರಡನೇ ಮಂತ್ರ ಹಾಕಲು ಹೊರಟರೆ ಹಳದಿಯನ್ನು ಮೊದಲನೆಯದರ ಅಡಿಯಿಂದ ಎಳೆಯಲೇಬೇಕು, ಎಳೆದರೆ ಮೊದಲನೆಯದು ಮುಗಿಯಿತು. ನಾನು ಬಾಯಿ ತೆರೆಯುವ ಅಗತ್ಯವೇ ಇಲ್ಲ. ಹಳದಿ ಕಾರ್ಡಿನ ಮೇಲೆ ಬರೆದಿರುವುದು ಒಂದೇ ಸಾಲು: ಏಟು ಬಿದ್ದರೆ ಕಾನ್‌ಸ್ಟಿಟ್ಯೂಷನ್ ಸೇವ್, 10 ಅಥವಾ ಏಟಿನ ಅರ್ಧ, ಯಾವುದು ದೊಡ್ಡದೋ ಅದು. ಅಂದರೆ ಮೈಯ ಗಟ್ಟಿತನದ ಅಂಕ ಸೇರಿಸಿ ಡಿ20 ಹಾಕಬೇಕು; 26ರ ಏಟು ಬಿದ್ದರೆ 13 ಅಥವಾ ಮೇಲೆ ಬರಬೇಕು. 8ರ ಏಟಾದರೆ 10 ಸಾಕು.

ರಿಯಾಕ್ಷನ್ನಿಗೂ (ಬೇರೆಯವರ ಸರದಿಯ ನಡುವೆಯೂ ಮಾಡಬಹುದಾದ ಒಂದು ಪ್ರತಿಕ್ರಿಯೆ) ಹೀಗೇ ಒಂದು ಕಾರ್ಡ್. ಬಳಸಿದರೆ ಮಗುಚಿ ಇಡುವುದು, ತನ್ನ ಸರದಿ ಬಂದಾಗ ಮತ್ತೆ ಮೇಲ್ಮುಖ ಮಾಡುವುದು. ಅದರ ಮೇಲೆ ಬರೆಯಲೂ ಏನಿಲ್ಲ, ಹಳೇ ಇಸ್ಪೀಟ್ ಎಲೆಯೇ ಸಾಕು.

ಮಂತ್ರದ ಕಾರ್ಡುಗಳೇ ನಿಮ್ಮ 212ರಲ್ಲಿ ದೊಡ್ಡ ಪಾಲು ಇರಬೇಕೆಂದು ನನ್ನ ಊಹೆ. ಪುಸ್ತಕದಲ್ಲಿ 350ಕ್ಕೂ ಹೆಚ್ಚು ಮಂತ್ರಗಳಿವೆ, ಎಲ್ಲಕ್ಕೂ ಕಾರ್ಡ್ ಮಾಡುವ ಆಸೆ ಸಹಜ. ಆದರೆ ಮೂರನೇ ಮಟ್ಟದ ವಿಜರ್ಡ್ (ಮಂತ್ರಗಾರ), ಇಂಟೆಲಿಜೆನ್ಸ್ (ಬುದ್ಧಿಯ ಅಂಕ) 16 ಇದ್ದರೆ, ದಿನಕ್ಕೆ ಸಿದ್ಧ ಮಾಡಿಕೊಳ್ಳುವುದು ಆರು ಮಂತ್ರ, ಜೊತೆಗೆ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರ) ಮೂರು. ಅಂದರೆ ಅವನ ಮುಂದೆ ಒಂಬತ್ತು ಕಾರ್ಡ್ ಇದ್ದರೆ ಸಾಕು. ಆಟದೊಳಗೆ ಬೆಳಗಾದಾಗ ಅವನೇ ತನ್ನ ಕಟ್ಟಿನಿಂದ ಆರನ್ನು ಆರಿಸಿ ತೆಗೆದಿಡಲಿ. ಮಂತ್ರ ಸಿದ್ಧ ಮಾಡಿಕೊಳ್ಳುವುದು ಎಂದರೆ ಅದೇ. ಮುಖ್ಯವಾಗಿ, ಆ ಕಾರ್ಡುಗಳನ್ನು ನೀವು ಬರೆಯಬೇಡಿ, ಆಟಗಾರನೇ ಬರೆಯಲಿ. ಮ್ಯಾಜಿಕ್ ಮಿಸೈಲಿಗೆ 'ಮೂರು ಬಾಣ, ಒಂದೊಂದಕ್ಕೆ 1ಡಿ4+1, 120 ಅಡಿ, ಗುರಿ ತಪ್ಪುವುದೇ ಇಲ್ಲ' (1ಡಿ4+1 ಎಂದರೆ ನಾಲ್ಕು ಮುಖದ ಒಂದು ದಾಳ ಹಾಕಿ ಬಂದದ್ದಕ್ಕೆ 1 ಕೂಡಿಸುವುದು) ಎಂದು ತನ್ನ ಕೈಯಾರೆ ಬರೆದವನು ಮತ್ತೆ ಆ ಕಾರ್ಡನ್ನು ಅಷ್ಟಾಗಿ ನೋಡುವುದಿಲ್ಲ. ನೀವು ಚಂದ ಮಾಡಿ ಅಚ್ಚು ಹಾಕಿಸಿ ಕೊಟ್ಟದ್ದನ್ನು ಅವನು ಓದುವುದೂ ಇಲ್ಲ. ಇದು ಸ್ವಲ್ಪ ಅವಮಾನದ ವಿಷಯ, ಆದರೆ ನಿಜ.

ಎದುರಾಳಿಗಳ ಕಾರ್ಡ್ ಮಾತ್ರ ನಿಮ್ಮದು. ಅವು ಕಾಳಗಕ್ಕೆ ಬರುತ್ತವೆ, ಹೋಗುತ್ತವೆ, ಹಾಗಾಗಿ ಕಾರ್ಡಿಗೆ ಯೋಗ್ಯ. ಗಾಬ್ಲಿನ್ನಿಗೆ (ಕುಳ್ಳ ರಾಕ್ಷಸ ಜೀವಿ) ಪುಸ್ತಕ ಕೊಡುವಷ್ಟು ವಿವರ ಮೇಜಿನ ಮೇಲೆ ಬೇಡ. ನನ್ನ ಕಾರ್ಡಿನಲ್ಲಿ ಇರುವುದು: ಎಸಿ (ಏಟು ತಾಗಲು ಹೊಡೆಯುವವನ ದಾಳದಲ್ಲಿ ಬರಬೇಕಾದ ಅಂಕಿ) 15, ಎಚ್‌ಪಿ 7, ನಡಿಗೆ 30 ಅಡಿ, ಕತ್ತಿ +4, ಏಟು 1ಡಿ6+2, ಬೋನಸ್ ಆಕ್ಷನ್ನಿನಲ್ಲಿ (ಸರದಿಯ ಆಕ್ಷನ್ನಿನ ಜೊತೆ ಮಾಡಬಹುದಾದ ಇನ್ನೊಂದು ಸಣ್ಣ ಕೆಲಸ) ಜಾರಿಕೊಳ್ಳುತ್ತದೆ ಅಥವಾ ಅಡಗುತ್ತದೆ. ಅದರ ಕೆಳಗೆ ನಾನೇ ಸೇರಿಸಿದ ಒಂದು ಸಾಲು, 'ಜೊತೆಗಾರ ಸತ್ತರೆ ಓಡುತ್ತದೆ, ಓಡುವಾಗ ಬಯ್ಯುತ್ತದೆ.' ಸಂಖ್ಯೆಗಳನ್ನು ಮರೆತರೆ ಹೇಗಾದರೂ ನಿಭಾಯಿಸಬಹುದು. ಈ ಒಂದು ಸಾಲು ಮರೆತರೆ ಗಾಬ್ಲಿನ್ನೂ ತೋಳವೂ ಒಂದೇ ಥರ ಆಡತೊಡಗುತ್ತವೆ.

ದಾರಿಯಲ್ಲಿ ಸಿಗುವ ಪಾತ್ರಗಳಿಗೂ ಹೀಗೇ. ನನ್ನ ಕತೆಯಲ್ಲಿ ಒಬ್ಬ ಕಡವಿನವನಿದ್ದಾನೆ, ಬಾಬಣ್ಣ. ಅವನ ಕಾರ್ಡಿನಲ್ಲಿ 'ಹಣ ಮೊದಲು ಕೇಳುತ್ತಾನೆ. ಕತ್ತಲಾದ ಮೇಲೆ ಹೊಳೆ ದಾಟಿಸುವುದಿಲ್ಲ. ಯಾಕೆಂದು ಕೇಳಿದರೆ ಮಾತು ಮೀನಿನ ರೇಟಿಗೆ ತಿರುಗಿಸುತ್ತಾನೆ' ಎಂದಷ್ಟೇ ಇದೆ. ಹಿಂಬದಿಯಲ್ಲಿ ಅವನು ದಾಟಿಸದಿರುವ ಕಾರಣ. ಇದರಾಚೆಗಿನ ಮಾತೆಲ್ಲ ಆ ಹೊತ್ತಿಗೆ ಬಾಯಿಗೆ ಬಂದದ್ದು. ತಾಳಮದ್ದಳೆ ನೋಡಿ ಬೆಳೆದ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ಎದುರು ಪ್ರಸಂಗದ ಪುಸ್ತಕ ಇರುತ್ತದೆ, ಅದರಲ್ಲಿರುವುದು ಪದ್ಯ. ಅರ್ಥ ಹೇಳುವವರ ಕೈಯಲ್ಲಿ ಏನೂ ಇರುವುದಿಲ್ಲ. ಕರ್ಣನ ಅರ್ಥಕ್ಕೆ ಕೂತವರು ನಡುವೆ ನಿಲ್ಲಿಸಿ ಹಾಳೆ ತಿರುವಿದರೆ ಸಭೆ ಚಹಾಕ್ಕೆ ಎದ್ದು ಹೋದೀತು. ನೀವು ಆಟ ನಡೆಸುವವರು ಭಾಗವತರೂ ಹೌದು, ಎದುರು ಪಾತ್ರದ ಅರ್ಥಧಾರಿಯೂ ಹೌದು. ಪದ್ಯದಷ್ಟನ್ನು ಮಾತ್ರ ಕಾರ್ಡಿಗೆ ಹಾಕಿ.

ವಸ್ತುಗಳ ಕಾರ್ಡ್ ಮಾಡಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಮಾಡದಿದ್ದರೆ ಮೊದಲು ಅದನ್ನೇ ಮಾಡಿ. ಗಾಯ ಗುಣಪಡಿಸುವ ಮದ್ದಿನ ಕುಪ್ಪಿಗೆ ಒಂದು ಕಾರ್ಡ್, '2ಡಿ4+2 ಎಚ್‌ಪಿ ವಾಪಸ್, ಕುಡಿಯಲು ಒಂದು ಆಕ್ಷನ್.' ಕುಡಿದವನು ಕಾರ್ಡನ್ನು ನಿಮಗೆ ಹಿಂದಿರುಗಿಸುತ್ತಾನೆ. "ನನ್ನ ಹತ್ರ ಇನ್ನೂ ಎರಡು ಕುಪ್ಪಿ ಇತ್ತಲ್ಲ" ಎನ್ನುವ ವಾದ ಅವತ್ತಿಗೆ ಮುಗಿಯಿತು. ಗೆಳೆಯನಿಗೆ ಕೊಡಬೇಕಾದರೆ ಮೇಜಿನ ಮೇಲಿಂದ ದಾಟಿಸಬೇಕು, ಇಬ್ಬರ ಪಾತ್ರಗಳೂ ಕತೆಯೊಳಗೆ ಒಂದೇ ಕಡೆ ಇವೆಯೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಹಾಳೆಗೆ ಹೋಗಬೇಕಾದದ್ದು ಏನೆಂದರೆ ಯಾರ ಕೈಗೂ ಹೋಗದ ಅಂಕಿಗಳು. ಕೆಲಸದ ಕಷ್ಟಕ್ಕೆ ತಕ್ಕ ಡಿಸಿ, ಅಂದರೆ ದಾಳದಲ್ಲಿ ಬರಬೇಕಾದ ಅಂಕಿ (ಸುಲಭ 10, ಮಧ್ಯಮ 15, ಕಷ್ಟ 20, ಬಹಳ ಕಷ್ಟ 25), ಅರ್ಧ ಮರೆಗೆ ಎಸಿ +2, ಮುಕ್ಕಾಲು ಮರೆಗೆ +5, 10 ಅಡಿ ಎತ್ತರದಿಂದ ಬಿದ್ದರೆ 1ಡಿ6, ಸರದಿಯಲ್ಲಿ ಮಾಡಬಹುದಾದ ಆಕ್ಷನ್ನುಗಳ ಹೆಸರು. ಇದೆಲ್ಲ ಒಂದು ಎ4 ಹಾಳೆಯ ಒಂದೇ ಬದಿಯಲ್ಲಿ ಹಿಡಿಯುತ್ತದೆ, ಹಿಡಿಯಲೇಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ಹೊರತಂದಾಗ ಇದ್ದದ್ದು ಮೂರು ಸಣ್ಣ ಪುಸ್ತಿಕೆ. ಕೋಷ್ಟಕಗಳು ಬೆಳೆದ ಹಾಗೆ, ಅವನ್ನು ಅಚ್ಚು ಹಾಕಿದ ಮಡಚುವ ರಟ್ಟಿನ ಪರದೆಗಳು ಆ ದಶಕ ಮುಗಿಯುವುದರೊಳಗೇ ಮಾರಾಟಕ್ಕೆ ಬಂದವು. ನೀವು ಪರದೆ ಕೊಳ್ಳಬೇಕಿಲ್ಲ. ಹಳೇ ಕ್ಯಾಲೆಂಡರಿನ ರಟ್ಟು ಮಡಚಿ ನಿಲ್ಲಿಸಿ ಒಳಬದಿಗೆ ಈ ಹಾಳೆ ಅಂಟಿಸಿ. ಮೇಲಂಚಿಗೆ ಆಟಗಾರರ ಹೆಸರಿನ ಚೀಟಿಗಳನ್ನು ಮಡಚಿ ಸರದಿಯ ಕ್ರಮದಲ್ಲಿ ತೂಗುಹಾಕಿದರೆ ಇನಿಶಿಯೇಟಿವ್ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅದೂ ಜಾಗ ಬದಲಾಯಿಸುವ ಸಂಗತಿ, ಆದ್ದರಿಂದ ಕಾರ್ಡ್.

ಭಾಷೆಯ ವಿಷಯಕ್ಕೆ ಬರುತ್ತೇನೆ. ಎಲ್ಲವನ್ನೂ ಕನ್ನಡ ಮಾಡುವ ಉಮೇದು ನನಗೂ ಇತ್ತು. 'ಸೇವಿಂಗ್ ಥ್ರೋ'ಗೆ 'ರಕ್ಷಣಾ ಎಸೆತ' ಎಂದು ಅಚ್ಚು ಹಾಕಿಸಿದೆ. ಮೇಜಿನ ಸುತ್ತ ಕೂತವರು ಬಿದ್ದು ಬಿದ್ದು ನಕ್ಕರು. ಬೌಂಡರಿಯಿಂದ ಯಾರೋ ಕೀಪರಿಗೆ ಚೆಂಡು ಎಸೆದ ಹಾಗಿದೆಯಂತೆ. ಆದರೆ ಅದೇ ದಿನ 'ಬಿದ್ದಿದ್ದೀರಿ' ಎನ್ನುವುದು ಯಾರ ತಕರಾರೂ ಇಲ್ಲದೆ ನಡೆದುಹೋಯಿತು. ಆಮೇಲೆ ಯೋಚಿಸಿದಾಗ ಹೊಳೆದದ್ದು, ಮೈಗೆ ಆಗುವುದನ್ನು ಕನ್ನಡದಲ್ಲಿ ಬರೆದರೆ ಚೆನ್ನ, ದಾಳಕ್ಕೆ ಆಗುವುದನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ಚೆನ್ನ. ಆಟಗಾರನ ಹಾಳೆ ಇಂಗ್ಲಿಷಿನಲ್ಲಿದೆ, ಅಲ್ಲಿ 'ಅಡ್ವಾಂಟೇಜ್' ಎಂದಿದ್ದರೆ ಕಾರ್ಡಿನಲ್ಲೂ ಅದೇ ಇರಲಿ. ಎರಡು ಡಿ20 ಹಾಕಿ ದೊಡ್ಡದನ್ನು ತೆಗೆದುಕೊಳ್ಳುವುದಕ್ಕೆ ಬೇರೆ ಹೆಸರು ಕಟ್ಟಿ ಏನಾಗಬೇಕು? ನಮ್ಮ ಮೇಜಿನಲ್ಲಿ ಹೇಗೂ ತುಳು, ಕೊಂಕಣಿ, ಕನ್ನಡ ಎಲ್ಲವೂ ಓಡುತ್ತವೆ. ಗಾಬ್ಲಿನ್ ಓಡುವಾಗ ಬಯ್ಯುವುದು ಯಾವ ಭಾಷೆಯಲ್ಲಿ ಎಂದು ನಾನಿಲ್ಲಿ ಹೇಳುವುದಿಲ್ಲ.

ಕನ್ನಡ ಅಕ್ಷರಕ್ಕೆ ಜಾಗ ಹೆಚ್ಚು ಬೇಕು, ಇದನ್ನು ನೆನಪಿಡಿ. ಇಂಗ್ಲಿಷ್ 8 ಪಾಯಿಂಟಿನಲ್ಲೂ ಓದಬಹುದು. ಕನ್ನಡ 11ಕ್ಕಿಂತ ಕೆಳಗಿಳಿದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ, ಟ್ಯೂಬ್‌ಲೈಟಿನಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಇಸ್ಪೀಟ್ ಅಳತೆಯ ಕಾರ್ಡ್ (63×88 ಮಿಲಿಮೀಟರ್, ಎ4ಗೆ ಒಂಬತ್ತು) ವಸ್ತುಗಳಿಗೆ ಸಾಕು. ಸ್ಥಿತಿಗಳಿಗೂ ಎದುರಾಳಿಗಳಿಗೂ ಎ4ನ್ನು ನಾಲ್ಕು ಮಾಡಿದ ಎ6 ಅಳತೆ ಒಳ್ಳೆಯದು. ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಮಾಡಿಯೇ ಒಯ್ಯಿರಿ. ವರ್ಡ್ ಫೈಲ್ ಒಯ್ದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಕಾರ್ಡು ತುಂಬ ಚೌಕಗಳು ಬರಬಹುದು. ಹಿಂದೆ ಮುಂದೆ ಎರಡೂ ಬದಿ ಅಚ್ಚು ಮಾಡಿಸುವ ತಾಪತ್ರಯವೂ ಬೇಡ, ಒಂದು ಬದಿ ಎರಡು ಮಿಲಿಮೀಟರ್ ಜಾರಿದರೂ ಕತ್ತರಿಸುವಾಗ ಅಕ್ಷರ ಹೋಗುತ್ತದೆ. ಎರಡೂ ಮುಖಗಳನ್ನು ಅಕ್ಕಪಕ್ಕ ಅಚ್ಚು ಮಾಡಿ ನಡುವೆ ಮಡಚಿದರೆ ಮುಗಿಯಿತು.

ಕಾಗದಕ್ಕೆ ಹೆಚ್ಚು ಖರ್ಚು ಮಾಡಬೇಡಿ. 1843ರಲ್ಲಿ 'ಮಂಗಳೂರ ಸಮಾಚಾರ' ಅಚ್ಚಾದ ಕಾಲದಿಂದ ಈ ಕರಾವಳಿಯಲ್ಲಿ ಪ್ರೆಸ್ಸಿಗೆ ಬರಗಾಲ ಬಂದದ್ದಿಲ್ಲ. ಮದುವೆ ಕಾಗದ ಅಚ್ಚು ಮಾಡುವಲ್ಲಿ ಕತ್ತರಿಸಿ ಉಳಿದ 250–300 ಜಿಎಸ್ಎಂ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ, ಕೇಳಿ ನೋಡಿ. ಬಣ್ಣದ ಶಾಯಿಗಿಂತ ಬಣ್ಣದ ಕಾಗದ ಅಗ್ಗ, ದೂರದಿಂದ ಗುರುತೂ ಸಿಗುತ್ತದೆ. ನನ್ನಲ್ಲಿ ಸ್ಥಿತಿ ಗುಲಾಬಿ, ವಸ್ತು ಹಸಿರು, ಎದುರಾಳಿ ಬಿಳಿ.

ಮಳೆಗಾಲ ಮಾತ್ರ ಲೆಕ್ಕಕ್ಕಿರಲಿ. ಒಂದು ಮೇ ತಿಂಗಳಲ್ಲಿ ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಅಚ್ಚು ಮಾಡಿದ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟು ಆಗಸ್ಟಿನಲ್ಲಿ ತೆಗೆದೆ. ಅಂಚಿಗೆಲ್ಲ ಬೂಸ್ಟು, ಅಕ್ಷರಗಳು ಎದುರಿನ ಕಾರ್ಡಿಗೆ ಅಂಟಿದ್ದವು. ಲೇಸರ್ ಪ್ರಿಂಟಿನ ಟೋನರ್ ನೀರಿಗೆ ಹೀಗೆ ಹರಡುವುದಿಲ್ಲ, ಅದನ್ನೇ ಮಾಡಿಸಿ. ಲ್ಯಾಮಿನೇಷನ್ ಮಾಡಿಸುವುದಾದರೆ ಮೊದಲು ಕಾರ್ಡ್ ಕತ್ತರಿಸಿ, ಆಮೇಲೆ ಪೌಚಿನಲ್ಲಿ ನಡುವೆ ಜಾಗ ಬಿಟ್ಟು ಜೋಡಿಸಿ. ಕೊನೆಗೆ ಸುತ್ತ 3 ಮಿಲಿಮೀಟರ್ ಪ್ಲಾಸ್ಟಿಕ್ ಉಳಿಯುವಂತೆ ಕತ್ತರಿಸಿ. ಇಡೀ ಹಾಳೆ ಲ್ಯಾಮಿನೇಟ್ ಮಾಡಿ ಆಮೇಲೆ ತುಂಡು ಮಾಡಿದರೆ ಕಾಗದದ ಅಂಚು ಹೊರಗೆ ತೆರೆದಿರುತ್ತದೆ, ಒಂದು ಜುಲೈ ಕಳೆಯುವುದರೊಳಗೆ ಪದರ ಬಿಡುತ್ತದೆ. ಆದರೆ ಒಂದು ಮಾತು: ಆರು ಆಟ ಆಡಿ ಮುಗಿಯುವ ತನಕ ಯಾವುದಕ್ಕೂ ಲ್ಯಾಮಿನೇಷನ್ ಬೇಡ. ಪೆನ್ಸಿಲಿನಲ್ಲಿ ಬರೆದ ಕಾರ್ಡನ್ನು ತಿದ್ದುತ್ತೀರಿ, ಲ್ಯಾಮಿನೇಟ್ ಮಾಡಿದ್ದನ್ನು ಸಹಿಸಿಕೊಳ್ಳುತ್ತೀರಿ.

ಮೊಬೈಲಿನಲ್ಲೇ ನೋಡಬಹುದಲ್ಲ ಎಂದು ನಿಮ್ಮ ಗೆಳೆಯರಲ್ಲಿ ಒಬ್ಬರಾದರೂ ಹೇಳುತ್ತಾರೆ. ನೀವು ಪುಸ್ತಕ ಹುಡುಕಲು ಮೊಬೈಲ್ ಬಳಸಿ, ಅಡ್ಡಿಯಿಲ್ಲ. ಆಟಗಾರರ ಕೈಗೆ ಬೇಡ. ಮಂತ್ರದ ದೂರ ನೋಡಲು ತೆಗೆದವನು ವಾಟ್ಸಾಪಿಗೆ ಹೋಗಿ ಬರುವಷ್ಟರಲ್ಲಿ ಗಾಬ್ಲಿನ್ ಸತ್ತಿರುತ್ತದೆ.

ಕಾಲೇಜು ಹುಡುಗರಿಗೆ ಹಂಚುವುದಕ್ಕೆ ದಾರಿ ಇದೆ. 2014ರ ನಿಯಮಗಳ ಮುಖ್ಯ ಭಾಗವನ್ನು ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಸ್‌ಆರ್‌ಡಿ 5.1 ಎಂಬ ಕಡತವಾಗಿ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟರು. ಅದರಲ್ಲಿರುವುದನ್ನು ನಕಲು ಮಾಡಬಹುದು, ಅನುವಾದಿಸಬಹುದು, ಹಂಚಬಹುದು, ಮಾರಲೂಬಹುದು. ಅವರು ಸೂಚಿಸಿದ ಮೂಲದ ಸಾಲನ್ನು ಜೊತೆಗೆ ಹಾಕಬೇಕು, ಬದಲಾಯಿಸಿದ್ದರೆ ಅದನ್ನೂ ಹೇಳಬೇಕು. ಎಲ್ಲ ಕಾರ್ಡಿಗೂ ಹಾಕಬೇಕೆಂದಿಲ್ಲ, ಸೆಟ್ಟಿನ ಜೊತೆ ಒಂದು ಚೀಟಿ ಇದ್ದರಾಯಿತು. ಈ ಉತ್ತರದಲ್ಲಿ ನಾನು ಹೇಳಿದ ಸ್ಥಿತಿಗಳು, ಗಾಬ್ಲಿನ್, ಮ್ಯಾಜಿಕ್ ಮಿಸೈಲ್, ಮದ್ದಿನ ಕುಪ್ಪಿ ಎಲ್ಲ ಅದರಲ್ಲಿವೆ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದ ರಾಕ್ಷಸ ಜೀವಿಗಳು ಇಲ್ಲ. ಪುಸ್ತಕದಿಂದ ನೇರವಾಗಿ ಇಳಿಸಿದವು ನಿಮ್ಮ ಮನೆಯ ಮೇಜು ದಾಟದಿರಲಿ.

ಕೊಡುವ ಮೊದಲು ಅವರು ಯಾವ ವರ್ಷದ ಪುಸ್ತಕ ಆಡುತ್ತಾರೆ ಎಂದು ಕೇಳಿ. 2024ರ ಪರಿಷ್ಕೃತ ಪುಸ್ತಕದಲ್ಲಿ ಮದ್ದು ಕುಡಿಯಲು ಬೋನಸ್ ಆಕ್ಷನ್ ಸಾಕು. ದಣಿವಿನ ನಿಯಮವೂ ಬೇರೆ: ಹಿಂದೆ ಆರು ಹಂತಕ್ಕೆ ಆರು ಬೇರೆ ಬೇರೆ ಶಿಕ್ಷೆ ಇತ್ತು, ಈಗ ಹಂತಕ್ಕೆ ಎರಡರಂತೆ ಡಿ20ಯಿಂದ ಕಳೆಯುವುದು, ನಡಿಗೆಯಲ್ಲಿ 5 ಅಡಿ ಇಳಿಸುವುದು. ಪ್ರತಿ ಕಾರ್ಡಿನ ಮೂಲೆಯಲ್ಲಿ ಸಣ್ಣದಾಗಿ '14' ಅಥವಾ '24' ಎಂದು ಹಾಕಿಬಿಡಿ. ಎರಡು ಸೆಟ್ ಕಲೆತುಹೋದ ಮೇಲೆ ಬೇರೆ ಮಾಡುವ ಕೆಲಸ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಈಗ ಅಚ್ಚಾಗಿರುವ 212ಕ್ಕೆ ಏನು ಮಾಡುವುದು? ಮುಂದಿನ ಭಾನುವಾರ ಕಟ್ಟನ್ನು ಇಡಿಯಾಗಿ ಬದಿಗಿಟ್ಟು, ಹಾಳೆಯೊಂದರ ಜೊತೆ ಆಡಿ. ಆಟದ ನಡುವೆ ಯಾವುದಕ್ಕಾದರೂ ಕೈ ಹೋದರೆ ಆ ಕಾರ್ಡ್ ಮಾತ್ರ ಹೊರತೆಗೆದು ಬೇರೆ ಇಡಿ. ಮೂರು ನಾಲ್ಕು ಆಟದ ಮೇಲೆ ಹೊರಗೆ ಬಂದಿರುವುದೇ ನಿಮ್ಮ ಸೆಟ್. ಉಳಿದವುಗಳಲ್ಲಿ ಲ್ಯಾಮಿನೇಟ್ ಆಗದವನ್ನು ಮಡಚಿ ಇನಿಶಿಯೇಟಿವಿನ ಹೆಸರುಚೀಟಿ ಮಾಡಿಕೊಳ್ಳಿ. ಲ್ಯಾಮಿನೇಟ್ ಆದವುಗಳ ಹಿಂಬದಿ ಖಾಲಿ ಇದ್ದರೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಎಚ್‌ಪಿ ಬರೆದು ಬಟ್ಟೆಯಲ್ಲಿ ಒರೆಸಬಹುದು, ಆಟಗಾರರಿಗೆ ಒಂದೊಂದು ಕೊಡಿ. ಗೋಳಿಬಜೆಯ ಎಣ್ಣೆ ಕೈ ತಾಗಿದ ಕಡೆ ಮಾತ್ರ ಮಾರ್ಕರ್ ಹತ್ತುವುದಿಲ್ಲ, ತಟ್ಟೆಯ ಪಕ್ಕ ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳಿ.